ಹೊಸ ಕಾರಿಗೆ ಅಂಡರ್‌ಬಾಡಿ ಕೋಟಿಂಗ್: ವಾರಂಟಿಗೆ ಧಕ್ಕೆ ಬಾರದಂತೆ ಮಾಡಿಸುವುದು ಹೇಗೆ?

ಕಾರು ಬುಕ್ ಮಾಡಿ ಕೊಟೇಶನ್ ಕೈಗೆ ಬಂದಾಗ ಎಕ್ಸ್ ಶೋರೂಮ್ ಬೆಲೆ, ರಸ್ತೆ ತೆರಿಗೆ, ವಿಮೆ ಇವುಗಳ ಕೆಳಗೆ ಇನ್ನೊಂದು ಸಾಲು ಇರುತ್ತದೆ: ಅಂಡರ್‌ಬಾಡಿ ಕೋಟಿಂಗ್, ಸೈಲೆನ್ಸರ್ ಕೋಟಿಂಗ್, ಟೆಫ್ಲಾನ್ ಕೋಟಿಂಗ್, ಎಲ್ಲ ಸೇರಿ ಇಷ್ಟು. 'ಇದು ಬೇಕಾ?' ಎಂದು ಶೋರೂಮಿನಲ್ಲಿ ಕೇಳಿದರೆ 'ಮಾಡಿಸದಿದ್ದರೆ ತುಕ್ಕು ಹಿಡಿಯುತ್ತೆ ಸಾರ್' ಎನ್ನುತ್ತಾರೆ. ಹೊರಗಿನ ಅಂಗಡಿಯಲ್ಲಿ ಅರ್ಧ ದುಡ್ಡಿಗೆ ಮಾಡಿಸುತ್ತೇನೆ ಎಂದರೆ, ಅದೇ ಶೋರೂಮಿನವರು 'ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತೆ' ಎನ್ನುತ್ತಾರೆ. ಎರಡು ಮಾತಿನಲ್ಲೂ ಸ್ವಲ್ಪ ನಿಜವಿದೆ, ಪೂರ್ತಿ ನಿಜವಿಲ್ಲ.

ತಳಕ್ಕೆ ಕೋಟಿಂಗ್ ಬಳಿದ ಮಾತ್ರಕ್ಕೆ ಕಾರಿನ ವಾರಂಟಿ ಪೂರ್ತಿ ರದ್ದಾಗುವುದಿಲ್ಲ. ಆದರೆ ಬಳಿಯಬಾರದ ಕಡೆ ಬಳಿದು ಏನಾದರೂ ಕೆಟ್ಟರೆ, ತೂತು ಕೊರೆದರೆ, ಅಥವಾ ತುಕ್ಕಿನ ದೂರು ಬಂದಾಗ ತಳದ ಮೂಲ ಸ್ಥಿತಿಯನ್ನು ತೋರಿಸುವ ಪುರಾವೆ ನಿಮ್ಮ ಬಳಿ ಇಲ್ಲದಿದ್ದರೆ, ಆ ಭಾಗದ ವಾರಂಟಿ ಕೈತಪ್ಪುತ್ತದೆ. ಹಾಗಾಗಿ ಡಬ್ಬದ ಮೇಲಿನ ಹೆಸರಿಗಿಂತ ಮುಖ್ಯವಾದವು ಎರಡು: ಕೋಟಿಂಗ್ ಹೊಡೆಯುವ ಸ್ಪ್ರೇ ಗನ್ ಹಿಡಿದವನ ಕೈ ಮತ್ತು ನಿಮ್ಮ ಕೈಯಲ್ಲಿರುವ ಕಾಗದ.

ಕಾರ್ಖಾನೆಯಲ್ಲೇ ಏನೇನು ಆಗಿರುತ್ತದೆ

ಈಗಿನ ಕಾರಿನ ಬಾಡಿ ಬಣ್ಣಕ್ಕೆ ಹೋಗುವ ಮೊದಲು ಪೂರ್ತಿಯಾಗಿ ಪ್ರೈಮರ್ ತೊಟ್ಟಿಯಲ್ಲಿ ಮುಳುಗುತ್ತದೆ. ವಿದ್ಯುತ್ ಹರಿಸಿ ಆ ಪ್ರೈಮರನ್ನು ತಗಡಿನ ಮೂಲೆ ಮೂಲೆಗೂ ಅಂಟಿಸುತ್ತಾರೆ. ಸುಮಾರು 20 ಮೈಕ್ರಾನ್ ದಪ್ಪದ ಈ ಪದರವನ್ನು ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ತುಕ್ಕಿನ ವಿರುದ್ಧ ನಿಜವಾದ ಕಾವಲು ಇದೇ. ಇದರ ಮೇಲೆ ತಗಡು ತಗಡು ಸೇರುವ ಕಡೆ ಸೀಲರ್ ಎಳೆದು, ಕಲ್ಲು ಸಿಡಿಯುವ ಜಾಗಗಳಿಗೆ ಪಿವಿಸಿ ಪದರ ಹೊಡೆಯುತ್ತಾರೆ. ಹಲವು ಮಾದರಿಗಳಲ್ಲಿ ಕೆಲವು ತಗಡುಗಳಿಗೆ ಮೊದಲೇ ಸತುವಿನ ಲೇಪ ಇರುತ್ತದೆ. ಚಕ್ರದ ಗೂಡಿನಲ್ಲಿ ಪ್ಲಾಸ್ಟಿಕ್ ಲೈನರ್ ಇರುತ್ತದೆ.

ಎಲ್ಲ ಕಾರಿನಲ್ಲೂ ಎಲ್ಲವೂ ಇರುವುದಿಲ್ಲ. ಕಡಿಮೆ ಬೆಲೆಯ ಕಾರುಗಳಲ್ಲಿ ಪಿವಿಸಿ ಪದರ ಸೀಲರ್ ಗೆರೆಗಳಿಗೂ ಚಕ್ರದ ಆಸುಪಾಸಿಗೂ ಸೀಮಿತವಾಗಿ, ನಡುವಿನ ನೆಲ ಬರೀ ಪ್ರೈಮರ್ ಮೇಲೆ ತೆಳು ಬಣ್ಣದಲ್ಲೇ ನಿಂತಿರಬಹುದು. ಹಿಂದಿನ ಚಕ್ರದ ಗೂಡಿಗೆ ಲೈನರ್ ಇಲ್ಲದೆಯೂ ಇರಬಹುದು. ಆದ್ದರಿಂದ ಕೋಟಿಂಗಿಗೆ ಒಪ್ಪುವ ಮೊದಲು ಕಾರನ್ನು ರಾಂಪ್ ಮೇಲೆ ಎತ್ತಿಸಿ ಟಾರ್ಚ್ ಹಿಡಿದು ನೋಡಿ. ಬೆರಳಿನಿಂದ ಒತ್ತಿದಾಗ ಸ್ವಲ್ಪ ಮೆತ್ತಗೆ, ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿ ಸಿಕ್ಕರೆ ಅದು ಪಿವಿಸಿ. ಗಟ್ಟಿಯಾಗಿ, ನುಣ್ಣಗೆ, ಬೂದು ಇಲ್ಲವೇ ಕಾರಿನ ಬಣ್ಣದಲ್ಲೇ ಇದ್ದರೆ ಅಲ್ಲಿ ದಪ್ಪ ಪದರ ಇಲ್ಲ ಎಂದರ್ಥ. ಆಗಲೇ ಮೊಬೈಲಿನಲ್ಲಿ ಇಡೀ ತಳದ ಫೋಟೊ ತೆಗೆದಿಡಿ. ಮುಂದೆ ವಾರಂಟಿಯ ಮಾತು ಬಂದಾಗ ಈ ಫೋಟೊಗಳಷ್ಟು ಉಪಯೋಗಕ್ಕೆ ಬರುವುದು ಬೇರೆ ಯಾವುದೂ ಇಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ

ಕಾರು ಬದುಕುವ ಊರು ಇದನ್ನು ತೀರ್ಮಾನಿಸುತ್ತದೆ. ಬೆಂಗಳೂರು, ಮೈಸೂರು, ದಾವಣಗೆರೆ, ಕಲಬುರಗಿಯಲ್ಲೇ ಓಡಾಡುವ, ತಳದಲ್ಲಿ ಪಿವಿಸಿ ಚೆನ್ನಾಗಿ ಇರುವ ಕಾರಿಗೆ ಈ ಖರ್ಚು ಬೇಡ. ಇಲ್ಲಿ ರಸ್ತೆಗೆ ಉಪ್ಪು ಸುರಿಯುವವರಿಲ್ಲ, ವರ್ಷದ ಬಹುಪಾಲು ತಳ ಒಣಗಿಯೇ ಇರುತ್ತದೆ. ಆ ದುಡ್ಡಿನಲ್ಲಿ ಒಳ್ಳೆಯ ಮಡ್‌ ಫ್ಲಾಪ್ ಹಾಕಿಸಿ, ಚಕ್ರದ ಲೈನರ್ ಇಲ್ಲದಿದ್ದರೆ ಅದನ್ನು ಕೂಡಿಸಿ.

ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ಲೆಕ್ಕ ಬೇರೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಅಂಥ ಕಡೆ ದಿನವೂ ಓಡಾಡುವ ಕಾರಿನ ತಳಕ್ಕೆ ಉಪ್ಪುಗಾಳಿ ತಪ್ಪಿದ್ದಲ್ಲ. ಉಪ್ಪಿನ ಕಣ ಗಾಳಿಯ ತೇವ ಹೀರಿಕೊಂಡು ಲೋಹದ ಮೇಲೆ ಕೂರುತ್ತದೆ, ಹಾಗಾಗಿ ಮಳೆ ಇಲ್ಲದ ದಿನವೂ ತಳ ಒಣಗುವುದಿಲ್ಲ. ಮೀನಿನ ಲಾರಿಗಳಿಂದ ರಸ್ತೆಗೆ ಸೋರುವ ಉಪ್ಪುನೀರು ಹಿಂದಿನ ಕಾರಿನ ತಳಕ್ಕೆ ನೇರವಾಗಿ ಎರಚುತ್ತದೆ. ಆಗುಂಬೆ, ಮಡಿಕೇರಿ, ಸಕಲೇಶಪುರದ ಕಡೆ ಉಪ್ಪಿಲ್ಲ, ಆದರೆ ತಿಂಗಳುಗಟ್ಟಲೆ ಬಿಡದ ಮಳೆ, ಎಸ್ಟೇಟ್ ರಸ್ತೆಯ ಕೆಸರು, ಜಲ್ಲಿ ಇವೆ. ಕಲ್ಲು ಬಡಿದು ಪದರ ಕಿತ್ತಲ್ಲಿ ಕೆಸರು ಕೂತರೆ ತುಕ್ಕು ಅಲ್ಲಿಂದಲೇ ಶುರು. ಈ ಎರಡು ಭಾಗದವರಿಗೆ, ಕಾರನ್ನು ಏಳೆಂಟು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ, ಕೋಟಿಂಗ್ ಸಾರ್ಥಕ ಖರ್ಚು. ಮೂರೇ ವರ್ಷಕ್ಕೆ ಮಾರುವವರಿಗೆ ಇಲ್ಲೂ ಅಷ್ಟು ಅಗತ್ಯವಿಲ್ಲ.

ವಾರಂಟಿ ಪುಸ್ತಕದಲ್ಲಿ ಏನನ್ನು ಹುಡುಕಬೇಕು

ಗ್ಲೋವ್‌ ಬಾಕ್ಸಿನಲ್ಲಿರುವ ವಾರಂಟಿ ಪುಸ್ತಕವನ್ನು ಒಮ್ಮೆ ಕೂತು ಓದಿ. ಒಂದೇ ಕಾರಿಗೆ ಎರಡು ಮೂರು ಬಗೆಯ ವಾರಂಟಿ ಇರುತ್ತದೆ, ಜನ ಎಡವುವುದು ಇವನ್ನು ಒಂದೇ ಎಂದುಕೊಂಡಾಗ.

ಮೊದಲನೆಯದು ಕಾರಿನ ಮೂಲ ವಾರಂಟಿ. ತಯಾರಿಕೆಯ ದೋಷ, ಬಿಡಿಭಾಗದ ದೋಷ ಇದರಲ್ಲಿ ಬರುತ್ತವೆ. ಎರಡನೆಯದು ತುಕ್ಕಿನ ವಾರಂಟಿ. ಇದನ್ನು ಎಲ್ಲ ಕಂಪನಿಗಳೂ ಬೇರೆಯಾಗಿ ಕೊಡುವುದಿಲ್ಲ. ಕೊಡುವ ಕಡೆ ಸಾಮಾನ್ಯವಾಗಿ 'ತೂತು ಬೀಳುವ ತುಕ್ಕು' ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಂದರೆ ಬಾಡಿಯ ತಗಡು ಒಳಗಿನಿಂದ ಹೊರಕ್ಕೆ ತಿಂದು ಹೋಗಿ ತೂತಾಗಿರಬೇಕು. ಮೇಲ್ಮೈಯ ಕೆಂಪು ಪುಡಿ, ಸೈಲೆನ್ಸರ್ ತುಕ್ಕು, ಸಸ್ಪೆನ್ಷನ್ ಆರ್ಮ್, ಬೋಲ್ಟಿನ ತುಕ್ಕು ಇವು ಅದಕ್ಕೆ ಸೇರುವುದಿಲ್ಲ. ಕಲ್ಲೇಟು, ಉಪ್ಪು, ಆಮ್ಲ ಮಳೆ, ಹಕ್ಕಿ ಹಿಕ್ಕೆ ಮುಂತಾದ ಹೊರಗಿನ ಕಾರಣಗಳನ್ನು ಕೈಬಿಟ್ಟಿರುವ ಸಾಲು ಬಹುತೇಕ ಪುಸ್ತಕಗಳಲ್ಲಿ ಸಿಗುತ್ತದೆ. ಕರಾವಳಿಯವರು ಆ ಸಾಲನ್ನು ಎರಡು ಸಲ ಓದಬೇಕು, ಏಕೆಂದರೆ ಅವರ ಕಾರಿಗೆ ಬರುವ ತುಕ್ಕಿನ ಮುಖ್ಯ ಕಾರಣವೇ ಅಲ್ಲಿ ಹೊರಗಿದೆ.

ಮೂರನೆಯದು ಕೋಟಿಂಗಿನದೇ ವಾರಂಟಿ. 'ಐದು ವರ್ಷ ಗ್ಯಾರಂಟಿ' ಎಂದು ಕಾರ್ಡು ಕೊಡುತ್ತಾರಲ್ಲ, ಅದು ಕಾರು ಕಂಪನಿಯ ಮಾತಲ್ಲ. ಡೀಲರ್ ಇಲ್ಲವೇ ಕೋಟಿಂಗ್ ಮಾರುವವರು ಕೊಟ್ಟದ್ದು. ವರ್ಷಕ್ಕೊಮ್ಮೆ ಅವರಲ್ಲೇ ತೋರಿಸಬೇಕು ಎಂಬ ಷರತ್ತು ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಒಂದು ಸಲ ತಪ್ಪಿದರೂ ಕಾರ್ಡು ಬರೀ ಕಾಗದ. ಪದರ ಎದ್ದರೆ ಮತ್ತೆ ಬಳಿದು ಕೊಡುತ್ತಾರೋ, ತುಕ್ಕು ಹಿಡಿದ ತಗಡನ್ನೂ ಸರಿಮಾಡುತ್ತಾರೋ ಎಂಬುದನ್ನು ಅದೇ ಕಾರ್ಡಿನಲ್ಲಿ ಹುಡುಕಿ. ಮೊದಲನೆಯದಷ್ಟೇ ಇರುವುದು ವಾಡಿಕೆ.

ಇನ್ನು 'ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತೆ' ಎಂಬ ಮಾತು. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶದಲ್ಲಿ ಈ ವಿಷಯ ನೇರವಾಗಿ ಬಂದಿದೆ. ಹೊರಗಿನ ರಿಪೇರಿಯವರ ಬಳಿ ಕೆಲಸ ಮಾಡಿಸಿದರೆಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವ ಷರತ್ತು ಹಾಕಬಾರದು, ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ರದ್ದು ಮಾಡಬಹುದು ಎಂಬುದು ಅದರ ತಾತ್ಪರ್ಯ. ಕಂಪನಿಗಳು ಅದನ್ನು ಮೇಲಿನ ನ್ಯಾಯಾಲಯಗಳಲ್ಲಿ ಪ್ರಶ್ನಿಸಿವೆ, ಹಾಗಾಗಿ ಅದೊಂದನ್ನೇ ನೆಚ್ಚಿ ಕೂರುವುದು ಬೇಡ. ಆದರೂ ಸರ್ವಿಸ್ ಸೆಂಟರಿನಲ್ಲಿ ಮಾತಾಡುವಾಗ ಹಿಡಿಯಬೇಕಾದ ಎಳೆ ಇದೇ: ಕೆಟ್ಟ ಭಾಗಕ್ಕೂ ಕೋಟಿಂಗಿಗೂ ಏನು ಸಂಬಂಧ? ತಳಕ್ಕೆ ಬಳಿದದ್ದರಿಂದ ಎಸಿ ಕಂಪ್ರೆಸರ್ ಕೆಡುವುದಿಲ್ಲ. ಆದರೆ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡುವ ಎಬಿಎಸ್‌ನ ಸೆನ್ಸರ್ ಮೇಲೆ ಕಪ್ಪು ಪದರ ಕೂತಿದ್ದರೆ ಸೆನ್ಸರಿನ ವಾರಂಟಿ ಕೇಳುವ ಮುಖ ನಮಗಿರುವುದಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದೇ ತತ್ವ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆಯ ರೂಪದಲ್ಲಿ ಸಿಗುತ್ತದೆ. ಹಿಮಕ್ಕೆ ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ಕೋಟಿಂಗಿನ ಅಗತ್ಯ ಕರಾವಳಿಗಿಂತಲೂ ಹೆಚ್ಚು. ಅಲ್ಲಿ ವರ್ಷಕ್ಕೊಮ್ಮೆ ಎಣ್ಣೆಯ ಜಾತಿಯದನ್ನು ಹೊಡೆಸುವ ರೂಢಿ ಇದೆ.

ಯಾವ ಮಾಲು

ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಎರಡು ಜಾತಿ. ಡಾಂಬರು ಮೂಲದ್ದು ಅಗ್ಗ. ಬಳಿದ ದಿನ ಕಪ್ಪಗೆ ಮಿಂಚುತ್ತದೆ, ಆದರೆ ವರ್ಷಗಳು ಕಳೆದಂತೆ ಒಣಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಪದರದ ಅಡಿಯಲ್ಲೇ ನಿಲ್ಲುತ್ತದೆ, ಮೇಲೆ ಎಲ್ಲ ಸರಿ ಕಾಣುತ್ತಿರುವಾಗಲೇ ಕೆಳಗೆ ತಗಡು ತಿಂದುಹೋಗುತ್ತಿರುತ್ತದೆ. ಕೋಟಿಂಗ್ ಇಲ್ಲದ ಕಾರಿಗಿಂತ ಬಿರುಕು ಬಿಟ್ಟ ಕೋಟಿಂಗಿನ ಕಾರು ಬೇಗ ಕೊಳೆಯುವುದು ಇದರಿಂದಲೇ. ರಬ್ಬರ್ ಬೆರೆತ ಅಥವಾ ಸಿಂಥೆಟಿಕ್ ರೆಸಿನ್ ಮೂಲದ್ದು ಬಾಗುತ್ತದೆ, ಕಲ್ಲೇಟು ತಡೆಯುತ್ತದೆ. ನೆಲದ ತಗಡಿಗೂ ಚಕ್ರದ ಗೂಡಿಗೂ ಇದನ್ನೇ ಆರಿಸಿ. ಮೂರನೆಯದು ಮೇಣದ ಜಾತಿ. ಪೂರ್ತಿ ಒಣಗದೆ ಮೆತ್ತಗೇ ಉಳಿಯುವುದರಿಂದ ಬಿರುಕು ಬಿಡುವುದಿಲ್ಲ, ಸಣ್ಣ ಗೀರಿಗೆ ತಾನೇ ಹರಿದು ಮುಚ್ಚುತ್ತದೆ. ಆದರೆ ನೀರಿನ ರಭಸಕ್ಕೆ ಸವೆಯುತ್ತದೆ. ಇದರ ನಿಜವಾದ ಜಾಗ ಬಾಗಿಲ ಕೆಳಗಿನ ಸಿಲ್, ಬಾಗಿಲಿನ ಒಳಗು, ಚಾಸಿಯ ಟೊಳ್ಳು.

ತೂತು ಬೀಳುವ ತುಕ್ಕು ಒಳಗಿನಿಂದ ಬರುವುದರಿಂದ, ಹೊರಗೆ ಎಷ್ಟು ದಪ್ಪ ಬಳಿದರೂ ಟೊಳ್ಳಿನೊಳಗೆ ಮೇಣ ಹೋಗದಿದ್ದರೆ ಕೆಲಸ ಅರ್ಧವೇ. ಉದ್ದ ನಳಿಕೆಯ ತುದಿಯಿಂದ ಸುತ್ತಲೂ ಚಿಮ್ಮುವ ನಾಝಲ್ ಇದಕ್ಕೆ ಬೇಕು. ಅದನ್ನು ಈಗಾಗಲೇ ಇರುವ ತೂತುಗಳ ರಬ್ಬರ್ ಬಿರಡೆ ತೆಗೆದು ಒಳಗೆ ತೂರಿಸಬೇಕು. ಡ್ರಿಲ್ ಹಿಡಿದು ಬಂದರೆ ಅಲ್ಲೇ ತಡೆಯಿರಿ. ಹೊಸದಾಗಿ ಕೊರೆದ ತೂತಿನ ಅಂಚಿನಲ್ಲಿ ಪ್ರೈಮರ್ ಇರುವುದಿಲ್ಲ, ತುಕ್ಕಿಗೆ ಅದು ತೆರೆದ ಬಾಗಿಲು. ಬಾಡಿಗೆ ತೂತು ಕೊರೆಯುವುದು ಮಾರ್ಪಾಡು ಎನಿಸಿ ತುಕ್ಕಿನ ವಾರಂಟಿ ನಿರಾಕರಿಸಲು ಕಂಪನಿಗೆ ಗಟ್ಟಿ ನೆಪ ಸಿಗುತ್ತದೆ. ಸೈಡ್ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಬಾಗಿಲ ಪಕ್ಕದ ಬಾಡಿಯ ಕಂಬಗಳ ಬಳಿ ಡ್ರಿಲ್ ತರುವುದು ಅಪಾಯ ಕೂಡ.

ಕಾರು ಬಿಡುವ ಮೊದಲು

ಡೆಲಿವರಿಯ ಹಿಂದಿನ ಸಂಜೆ ಅವಸರದಲ್ಲಿ ಹೊಡೆದದ್ದು ನಿಲ್ಲುವುದು ಕಷ್ಟ. ಸ್ಟಾಕ್‌ಯಾರ್ಡಿನ ಧೂಳು ತೊಳೆದು, ತಳ ಒಣಗುವ ಮೊದಲೇ ಬಳಿದು ಬಿಡುತ್ತಾರೆ. ಅದಕ್ಕಿಂತ, ಕಾರನ್ನು ಹಾಗೇ ಪಡೆದು, ಮೊದಲ ಉಚಿತ ಸರ್ವಿಸ್ ಸಮಯದಲ್ಲಿ ಮಾಡಿಸಿ. ತಿಂಗಳು ಓಡಿದ ಮೇಲೆ ಎಣ್ಣೆ ಸೋರಿಕೆ ಇದ್ದರೆ ಕಂಡಿರುತ್ತದೆ, ಕೋಟಿಂಗ್ ಅದನ್ನು ಮುಚ್ಚಿಹಾಕುವುದಿಲ್ಲ. ಕರಾವಳಿ ಮಲೆನಾಡಿನಲ್ಲಿ ನವೆಂಬರಿನಿಂದ ಏಪ್ರಿಲ್ ಒಳಗೆ ಮಾಡಿಸಿ. ಜುಲೈ ತಿಂಗಳ ತೇವದಲ್ಲಿ ಪದರದ ಕೆಳಗೆ ನೀರಿನ ಪಸೆ ಸಿಕ್ಕಿಕೊಂಡು ಹಪ್ಪಳದಂತೆ ಏಳುತ್ತದೆ.

'ಎಲ್ಲ ಸೇರಿ ಪ್ಯಾಕೇಜ್, ಬೇಡ ಅಂದರೆ ಕಾರು ಕೊಡೋಕಾಗಲ್ಲ' ಎಂದರೆ ಒಪ್ಪಬೇಡಿ. ಒಂದನ್ನು ಕೊಳ್ಳಲು ಇನ್ನೊಂದನ್ನು ಕೊಳ್ಳಲೇಬೇಕೆಂದು ಕಟ್ಟುಹಾಕುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಿರ್ಬಂಧಿತ ವ್ಯಾಪಾರ ಪದ್ಧತಿ. ಅಂಥ ಮಾತನ್ನು ವಾಟ್ಸಾಪಿನಲ್ಲೋ ಇಮೇಲಿನಲ್ಲೋ ಬರೆದು ಕೊಡಿ ಎಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ.

ಶೋರೂಮಿನಲ್ಲಿ ಮಾಡಿಸಿದರೂ ಹೊರಗೆ ಮಾಡಿಸಿದರೂ, ಮೊದಲು ಡೀಲರಿಗೆ ಇಂಥದೊಂದು ಇಮೇಲ್ ಹಾಕಿ, ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೂ ಒಂದು ಪ್ರತಿ ಕಳಿಸಿ:

'ಈ ಚಾಸಿ ನಂಬರಿನ ನನ್ನ ಕಾರಿನ ತಳಕ್ಕೆ ತುಕ್ಕು ತಡೆಯುವ ಕೋಟಿಂಗ್ ಮಾಡಿಸಬೇಕೆಂದಿದ್ದೇನೆ. ಬಾಡಿಗೆ ಹೊಸ ತೂತು ಕೊರೆಸುವುದಿಲ್ಲ. ಇದರಿಂದ ವಾಹನದ ಮೂಲ ವಾರಂಟಿಗಾಗಲಿ ತುಕ್ಕಿನ ವಾರಂಟಿಗಾಗಲಿ ಅಡ್ಡಿ ಇದೆಯೇ? ಇದ್ದರೆ ವಾರಂಟಿ ಪುಸ್ತಕದ ಯಾವ ಷರತ್ತಿನಂತೆ? ನೀವು ಒಪ್ಪಿರುವ ಮಾಲು ಯಾವುದು? ದಯವಿಟ್ಟು ಬರಹದಲ್ಲಿ ತಿಳಿಸಿ.'

ಉತ್ತರ ಬಂದರೆ ಅದು ನಿಮ್ಮ ಆಧಾರ. ಬಾರದಿದ್ದರೂ ಕೇಳಿದ್ದಕ್ಕೆ ದಾಖಲೆ ಉಳಿಯುತ್ತದೆ. ಫೋನಿನಲ್ಲಿ 'ಏನೂ ಆಗಲ್ಲ ಸಾರ್' ಎಂದದ್ದಕ್ಕೆ ಕಿಮ್ಮತ್ತಿಲ್ಲ.

ಜಾಬ್ ಕಾರ್ಡಿನಲ್ಲಿ ಬರೀ 'ಯುಬಿಸಿ' (ಅಂಡರ್‌ಬಾಡಿ ಕೋಟಿಂಗ್) ಎಂದು ಬರೆಯಲು ಬಿಡಬೇಡಿ. ಮಾಲಿನ ಪೂರ್ತಿ ಹೆಸರು, ಎಷ್ಟು ಲೀಟರ್, ಯಾವ ಯಾವ ಜಾಗ, ಕಿಲೋಮೀಟರ್ ರೀಡಿಂಗ್ ಬರೆಸಿ. ಜಿಎಸ್‌ಟಿ ಬಿಲ್ ಪಡೆಯಿರಿ. ಖಾಲಿ ಡಬ್ಬದ ಬ್ಯಾಚ್ ನಂಬರ್ ಮತ್ತು ಬಾಳಿಕೆ ದಿನಾಂಕದ ಫೋಟೊ ತೆಗೆಯಿರಿ.

ಕೆಲಸದ ದಿನ

ಸಾಧ್ಯವಾದರೆ ಎದುರಿಗೇ ನಿಂತು ಮಾಡಿಸಿ. ಕೆಲಸ ಸರಿಯಾಗಿ ಆಗಬೇಕೆಂದರೆ ಒಂದೂವರೆ ಎರಡು ದಿನ ಬೇಕು, ಎರಡು ಗಂಟೆಯಲ್ಲಿ ಮುಗಿಸುತ್ತೇವೆ ಎನ್ನುವವರು ಒಣಗಿಸುವುದನ್ನೂ ಟೇಪ್ ಹಚ್ಚುವುದನ್ನೂ ಬಿಟ್ಟಿರುತ್ತಾರೆ.

ಮೊದಲ ದಿನ ಸಿಹಿನೀರಿನಲ್ಲಿ ತಳ ತೊಳೆದು, ಗ್ರೀಸ್ ಎಣ್ಣೆ ಇದ್ದಲ್ಲಿ ಡಿಗ್ರೀಸರ್ ಹಾಕಿ ಉಜ್ಜಿ, ರಾತ್ರಿಯಿಡೀ ಒಣಗಲು ಬಿಡಬೇಕು. ಪ್ರೆಶರ್ ಗನ್ನನ್ನು ವೈರಿಂಗ್ ಕನೆಕ್ಟರ್, ರಬ್ಬರ್ ಬೂಟ್ ಮೇಲೆ ಹತ್ತಿರದಿಂದ ಹಿಡಿಯಬಾರದು. ಮರುದಿನ ಕಂಪ್ರೆಸರ್ ಗಾಳಿಯಿಂದ ಸಂದಿಗಳನ್ನು ಊದಿ, ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆಗೆ ಪಸೆಯಾಗಲಿ ಮಣ್ಣಾಗಲಿ ಹತ್ತಿದರೆ ಇನ್ನೂ ಹೊತ್ತು ಬೇಕು. ನಾಲ್ಕು ಚಕ್ರ ಬಿಚ್ಚಿ, ಪ್ಲಾಸ್ಟಿಕ್ ಲೈನರನ್ನೂ ತೆಗೆಯಬೇಕು. ಲೈನರ್ ಮೇಲೆಯೇ ಹೊಡೆದು ಹೋಗುವ ಕೆಲಸದಿಂದ ಪ್ರಯೋಜನ ಇಲ್ಲ, ಪ್ಲಾಸ್ಟಿಕ್ಕಿಗೆ ತುಕ್ಕು ಬರುವುದಿಲ್ಲ.

ಟೇಪ್ ಮತ್ತು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವ ಹಂತವೇ ಇಡೀ ಕೆಲಸದ ಜೀವಾಳ. ಸೈಲೆನ್ಸರ್ ಪೈಪು, ಕ್ಯಾಟಲಿಟಿಕ್ ಕನ್ವರ್ಟರ್, ಅದರ ಮೇಲಿನ ಹೊಳೆಯುವ ಹೀಟ್ ಶೀಲ್ಡ್ ಇವು ಕೆಲವು ನೂರು ಡಿಗ್ರಿ ಬಿಸಿಯಾಗುತ್ತವೆ, ಇವುಗಳ ಮೇಲೆ ಬಿದ್ದ ಕೋಟಿಂಗ್ ಹೊಗೆಯಾಡುತ್ತದೆ, ಬೆಂಕಿ ಹತ್ತುವ ಅಪಾಯವೂ ಉಂಟು. ಸೈಲೆನ್ಸರ್ ಕೋಟಿಂಗ್ ಎಂದು ಮಾರುವುದು ಶಾಖ ತಡೆಯುವ ಬೇರೆಯೇ ಬಣ್ಣ, ಎರಡನ್ನೂ ಒಂದೇ ಡಬ್ಬದಿಂದ ಹೊಡೆಯುವಂತಿಲ್ಲ. ಬ್ರೇಕ್ ಡಿಸ್ಕ್, ಕ್ಯಾಲಿಪರ್, ಬ್ರೇಕ್ ಹೋಸ್, ಎಬಿಎಸ್ ಸೆನ್ಸರ್, ಹ್ಯಾಂಡ್‌ಬ್ರೇಕ್ ಕೇಬಲ್ ಮುಚ್ಚಲೇಬೇಕು. ಶಾಕ್ ಅಬ್ಸಾರ್ಬರಿನ ಹೊಳೆಯುವ ರಾಡಿನ ಮೇಲೆ ಒಂದು ಹನಿ ಒಣಗಿದರೂ ಮೇಲೆ ಕೆಳಗೆ ಆಡುವಾಗ ಅದು ಎಣ್ಣೆ ಸೀಲನ್ನು ಹರಿಯುತ್ತದೆ, ಸೋರಿದ ಶಾಕ್ ಅಬ್ಸಾರ್ಬರಿಗೆ ವಾರಂಟಿ ಕೇಳಿದಾಗ ಮೆಕ್ಯಾನಿಕ್ ಆ ಕಪ್ಪು ಗುರುತನ್ನೇ ಬೆರಳಿಟ್ಟು ತೋರಿಸುತ್ತಾನೆ. ಆಕ್ಸಲ್ ಬೂಟ್, ಸ್ಟಿಯರಿಂಗ್ ಬೂಟ್, ರಬ್ಬರ್ ಬುಷ್‌ಗಳಿಗೆ ಇದರಲ್ಲಿರುವ ಸಾಲ್ವೆಂಟ್ ಆಗಿಬರುವುದಿಲ್ಲ, ರಬ್ಬರ್ ಉಬ್ಬುತ್ತದೆ. ಎಂಜಿನ್ ಸಂಪ್, ಗೇರ್‌ಬಾಕ್ಸ್, ಡ್ರೇನ್ ಬೋಲ್ಟ್, ರೇಡಿಯೇಟರ್, ಅರ್ತ್ ವೈರ್ ಕೂರುವ ಜಾಗ, ಅಲೈನ್‌ಮೆಂಟ್ ಬೋಲ್ಟ್, ಪಾರ್ಕಿಂಗ್ ಸೆನ್ಸರ್ ಕೂಡ ಹಾಗೇ ಉಳಿಯಬೇಕು.

ಇನ್ನು ನೀರು ಹೋಗುವ ತೂತುಗಳು. ಬಾಗಿಲಿನ ಕೆಳ ಅಂಚಿನಲ್ಲಿ, ಸಿಲ್ ಅಡಿಯಲ್ಲಿ ಸಣ್ಣ ಸೀಳುಗಳಂತೆ ಇರುತ್ತವೆ. ಇವು ಮುಚ್ಚಿಹೋದರೆ ಬಾಗಿಲ ಗಾಜಿನ ಸಂದಿಯಿಂದ ಇಳಿದ ಮಳೆನೀರು ಒಳಗೇ ನಿಂತು, ತುಕ್ಕು ತಡೆಯಲು ಕೊಟ್ಟ ದುಡ್ಡಿನಿಂದಲೇ ತುಕ್ಕು ಬರುತ್ತದೆ. ಕಾರು ನಡುಗಿದಾಗ ಬಾಗಿಲೊಳಗೆ ಗುಳುಗುಳು ಸದ್ದು ಕೇಳಿದರೆ ಇದೇ ಕಾರಣ. ಹೊಡೆಯುವ ಮೊದಲು ಪ್ರತಿ ತೂತಿಗೂ ಟೇಪಿನ ಚೂರು ಅಂಟಿಸಿ ಎಣಿಸಿಡಿ, ಮುಗಿದ ಮೇಲೆ ಅಷ್ಟನ್ನೂ ಕೀಳಿಸಿ.

ಹೊಡೆಯುವಾಗ 4ರಿಂದ 6 ಬಾರ್ ಒತ್ತಡ, 20ರಿಂದ 30 ಸೆಂಟಿಮೀಟರ್ ದೂರ. ಒಂದೇ ಸಲಕ್ಕೆ ದಪ್ಪವಾಗಿ ಮೆತ್ತಬಾರದು: ಮೇಲೆ ಸಿಪ್ಪೆ ಕಟ್ಟಿ ಒಳಗೆ ಸಾಲ್ವೆಂಟ್ ಉಳಿಯುತ್ತದೆ, ಆಮೇಲೆ ಜೋತು ಬೀಳುತ್ತದೆ. ತೆಳುವಾಗಿ ಎರಡು ಇಲ್ಲವೇ ಮೂರು ಸಲ, ನಡುವೆ ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಡುವು ಕೊಡಬೇಕು. ಜಾಗದಲ್ಲಿ ಗಾಳಿ ಆಡಬೇಕು, ಹತ್ತಿರ ವೆಲ್ಡಿಂಗ್, ಬೀಡಿ ಸಿಗರೇಟು ಇರಕೂಡದು, ಹೊಡೆಯುವವರಿಗೆ ಸಾಲ್ವೆಂಟ್ ಆವಿ ತಡೆಯುವ ಮಾಸ್ಕ್ ಇರಬೇಕು.

ಎಷ್ಟು ಮಾಲು ಬೇಕೆಂಬುದಕ್ಕೆ ಸರಳ ಲೆಕ್ಕ ಇದೆ. ಒಂದು ಲೀಟರನ್ನು ಅರ್ಧ ಮಿಲಿಮೀಟರ್ ದಪ್ಪಕ್ಕೆ ಹರಡಿದರೆ 2 ಚದರ ಮೀಟರ್ ಆಗುತ್ತದೆ. ಸಣ್ಣ ಹ್ಯಾಚ್‌ಬ್ಯಾಕಿನ ತಳ ಸುಮಾರು 6 ಚದರ ಮೀಟರ್, ಎಂಜಿನ್, ಸೈಲೆನ್ಸರ್, ಟ್ಯಾಂಕು ಕಳೆದು ಚಕ್ರದ ಗೂಡು ಸೇರಿಸಿದರೆ ಬಳಿಯುವ ಜಾಗ 4 ಚದರ ಮೀಟರ್ ಹತ್ತಿರ. ಒಂದು ಸಲಕ್ಕೆ 2 ಲೀಟರ್, ಎರಡು ಸಲಕ್ಕೆ 4 ಲೀಟರ್. ಸಾಲ್ವೆಂಟ್ ಆರಿದ ಮೇಲೆ ದಪ್ಪ ಇನ್ನೂ ಇಳಿಯುತ್ತದೆ. ಎಸ್‌ಯುವಿಗೆ ಒಂದೆರಡು ಲೀಟರ್ ಹೆಚ್ಚು. ಒಂದೇ ಲೀಟರ್ ಡಬ್ಬದಲ್ಲಿ ಇಡೀ ಕಾರು ಮುಗಿಸಿದರೆ ಅದು ಬರೀ ಕಪ್ಪು ಬಣ್ಣ.

ಕೆಂಪಗೆ ತುಕ್ಕು ಎದ್ದ ಜಾಗ ಹೊಸ ಕಾರಿನಲ್ಲೇ ಕಂಡರೆ ಅದರ ಮೇಲೆ ಬಳಿಸಬೇಡಿ. ಫೋಟೊ ತೆಗೆದು ಡೀಲರಿಗೆ ಬರಹದಲ್ಲಿ ದೂರು ಕೊಟ್ಟು, ವಾರಂಟಿಯಲ್ಲೇ ಸರಿಮಾಡಿಸಿ, ಆಮೇಲೆ ಕೋಟಿಂಗ್. ಮೊದಲೇ ಬಳಿದು ಮುಚ್ಚಿದರೆ ಆ ದೋಷ ಕಾರ್ಖಾನೆಯದು ಎಂದು ತೋರಿಸಲು ದಾರಿ ಇರುವುದಿಲ್ಲ.

ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಪೆಟ್ಟಿಗೆಯ ಮೇಲೆ ಏನನ್ನೂ ಹೊಡೆಸಬೇಡಿ. ಒತ್ತಡ ಬಿಡುವ ವಾಲ್ವ್, ಕೂಲಂಟ್ ಪೈಪಿನ ಜೋಡಣೆ, ಕಿತ್ತಳೆ ಬಣ್ಣದ ಕೇಬಲ್ ಎಲ್ಲ ಅಲ್ಲೇ ಇರುತ್ತವೆ. ಕಾರಿನಲ್ಲೇ ದುಬಾರಿಯಾದ ಆ ಭಾಗಕ್ಕೆ ಸಾಮಾನ್ಯವಾಗಿ ಎಂಟು ವರ್ಷದ ಪ್ರತ್ಯೇಕ ವಾರಂಟಿ ಇರುವಾಗ ಕೆಲವು ಸಾವಿರದ ಕೋಟಿಂಗಿಗೆ ಅದನ್ನು ಪಣಕ್ಕಿಡಬಾರದು. ಸಿಎನ್‌ಜಿ ಕಾರಿನಲ್ಲಿ ತಳದ ಗ್ಯಾಸ್ ಪೈಪಿನ ಜೋಡಣೆಗಳನ್ನು ಬಿಟ್ಟೇ ಹೊಡೆಯಬೇಕು, ಸೋರಿಕೆ ನೋಡುವುದು ಅಲ್ಲಿಯೇ.

ಕಾರು ವಾಪಸ್ ತರುವಾಗ

ರಾಂಪ್ ಇಳಿಸುವ ಮೊದಲು ತಳಕ್ಕೆ ಹೋಗಿ ಹಿಂದಿನ ಫೋಟೊಗಳ ಜೊತೆ ಹೋಲಿಸಿ. ನೀರಿನ ಪ್ರತಿ ತೂತಿಗೂ ತೆಳು ಕೇಬಲ್ ಟೈ ತೂರಿಸಿ ನೋಡಿ. ಹೊಸ ಫೋಟೊ ತೆಗೆಯಿರಿ. ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿಸಿದರೇ ಎಂದು ಕೇಳಿ. ಬ್ರೇಕ್ ಒತ್ತಿ ನೋಡಿ, ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಉಳಿದಿದೆಯೇ ಗಮನಿಸಿ. ಮೊದಲ ಇಪ್ಪತ್ತು ಕಿಲೋಮೀಟರ್ ಸಾಲ್ವೆಂಟ್ ವಾಸನೆ ಸಹಜ, ಹೊಗೆ ಸಹಜವಲ್ಲ. ಹೊಗೆ ಕಂಡರೆ ನಿಲ್ಲಿಸಿ, ಆರಲು ಬಿಟ್ಟು, ವಾಪಸ್ ಒಯ್ದು ಸೈಲೆನ್ಸರ್ ಒರೆಸಿಸಿ. ವಾರದ ತನಕ ತಳಕ್ಕೆ ಪ್ರೆಶರ್ ನೀರು ಬೇಡ.

ವಾರಂಟಿ ಕೊಡುವುದಿಲ್ಲ ಎಂದರೆ

ಮೊದಲು ಕಾರಣವನ್ನು ಬರಹದಲ್ಲಿ ಕೇಳಿ: ಯಾವ ಭಾಗ, ಯಾವ ಷರತ್ತು, ಕೋಟಿಂಗಿನಿಂದ ಆ ಭಾಗ ಹೇಗೆ ಕೆಟ್ಟಿತು. ಜಾಬ್ ಕಾರ್ಡಿನಲ್ಲಿ ನಿಮ್ಮ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ. ಕೆಟ್ಟ ಬಿಡಿಭಾಗವನ್ನು ಅವರಿಗೆ ಬಿಟ್ಟುಕೊಡುವ ಮುನ್ನ ಫೋಟೊ ತೆಗೆಯಿರಿ. ಡೀಲರ್ ಜಾರಿಕೊಂಡರೆ ಕಂಪನಿಯ ಗ್ರಾಹಕ ವಿಭಾಗ, ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಂದ ಮುಂದೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿನ ಪ್ರಕರಣಗಳು ಅಲ್ಲಿ ನಡೆಯುತ್ತವೆ. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಡೀಲರ್ ಮಾಡಿದ ಕೋಟಿಂಗೇ ಹಾನಿಗೆ ಕಾರಣವಾಗಿದ್ದರೆ ಅದು ಸೇವೆಯಲ್ಲಿನ ಕೊರತೆ, ಕಾರು ಕಂಪನಿಯನ್ನು ಬಿಟ್ಟು ಡೀಲರನ್ನೇ ಕೇಳಬಹುದು. ಹೊರಗಿನ ಅಂಗಡಿಯವರಿಗೂ ಇದೇ ನಿಯಮ. ಬಿಲ್ ಇಲ್ಲದೆ ಮಾಡಿಸಿದ ಅಗ್ಗದ ಕೆಲಸ ದುಬಾರಿಯಾಗುವುದು ಇಲ್ಲಿ.

ಆಮೇಲಿನ ನಿಗಾ

ಮೇ ಕೊನೆಯಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ರಾಂಪ್ ಹತ್ತಿಸಿ ನೋಡಿ. ಚಕ್ರದ ಹಿಂದಿನ ಭಾಗ, ಸಿಲ್ ಅಂಚು, ಜಾಕ್ ಕೊಡುವ ಜಾಗ ಇಲ್ಲಿಯೇ ಮೊದಲು ಪದರ ಏಳುವುದು. ಉಗುರಿನಿಂದ ಕೆರೆದಾಗ ಚಕ್ಕೆ ಎದ್ದು ಬಂದರೆ ಅಷ್ಟು ಜಾಗದ ಹಳೆಯದನ್ನು ಪೂರ್ತಿ ಕೆತ್ತಿ, ತಗಡು ಕಂಡರೆ ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಅದೇ ಜಾತಿಯ ಸ್ಪ್ರೇ ಡಬ್ಬದಿಂದ ಮುಚ್ಚಿ. ಡಾಂಬರಿನ ಮೇಲೆ ರಬ್ಬರ್ ಜಾತಿ, ಮೇಣದ ಮೇಲೆ ಇನ್ನೊಂದು ಹೀಗೆ ಬೆರೆಸಿದರೆ ಅಂಟುವುದಿಲ್ಲ.

ಕರಾವಳಿಯಲ್ಲಿ ತಿಂಗಳಿಗೊಮ್ಮೆಯಾದರೂ ತಳಕ್ಕೆ ಸಿಹಿನೀರು ಬಿಡಿ. ಬೇಸಿಗೆಯಲ್ಲಿ ಕಡಲಂಚಿನ ಕೆಲವು ಬಾವಿ, ಬೋರ್‌ವೆಲ್ ನೀರು ಉಪ್ಪಾಗುತ್ತದೆ. ವಾಟರ್ ಸರ್ವಿಸ್ ಅಂಗಡಿಯ ನೀರನ್ನು ನಾಲಿಗೆಗೆ ಒಂದು ಹನಿ ತಾಗಿಸಿ ನೋಡಿ, ಉಪ್ಪೆನಿಸಿದರೆ ಅಲ್ಲಿ ತಳ ತೊಳೆಸಬೇಡಿ. ಒದ್ದೆ ಕಾರನ್ನು ಕವರ್ ಹಾಕಿ ಮುಚ್ಚಿದ ಶೆಡ್ಡಿನಲ್ಲಿ ನಿಲ್ಲಿಸುವುದಕ್ಕಿಂತ ಗಾಳಿ ಬೀಸುವ ಮಾಡಿನ ಕೆಳಗೆ ಹಾಗೇ ನಿಲ್ಲಿಸುವುದು ಮೇಲು, ತಳ ಬೇಗ ಒಣಗುತ್ತದೆ.